ಹಸುಗೂಸುಗಳ ಲೆಕ್ಕ

ಒಂದು ಮನೆಯಲ್ಲಿ ಹಸುಗೂಸು ತೀರಿಹೋದರೆ ಅದಕ್ಕೆ ನಮ್ಮಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಕಾರಣ ಹೇಳುವುದುಂಟು. ಮನೆಯ ಹಿರಿಯರು 'ಋಣ ಇಷ್ಟೇ ಇತ್ತು' ಎನ್ನುತ್ತಾರೆ. ಓದುಬರಹ ಬಲ್ಲ ನಮ್ಮಂಥವರು, ಆ ಮನೆ ಬಡವರದಾಗಿದ್ದರೆ, 'ತಾಯಿಗೆ ತಿಳಿವಳಿಕೆ ಸಾಲದು' ಎನ್ನುತ್ತೇವೆ. ಮೊದಲನೆಯ ಮಾತಿನಲ್ಲಿ ಸಮಾಧಾನವಾದರೂ ಇದೆ. ಎರಡನೆಯದರಲ್ಲಿ ಅದೂ ಇಲ್ಲ. ಆದರೆ ಎರಡಕ್ಕೂ ಸಮಾನವಾದ ಗುಣವೊಂದುಂಟು. ಇವನ್ನು ಹೇಳಿ ಮುಗಿಸಿದ ಮೇಲೆ ಹೇಳಿದವರು ಮಾಡಬೇಕಾದ ಕೆಲಸ ಯಾವುದೂ ಉಳಿಯುವುದಿಲ್ಲ.

ಈ ಎರಡನ್ನೂ ಬಿಟ್ಟು ಮೂರನೆಯ ಮಾರ್ಗವೊಂದಿದೆ. ಊರಿನಲ್ಲಿ ಹುಟ್ಟಿದ ಮಕ್ಕಳನ್ನೆಲ್ಲ ಪಟ್ಟಿಮಾಡಿ, ಮನೆಮನೆಗೆ ಹೋಗಿ, ಬದುಕಿದವೆಷ್ಟು, ಸತ್ತವೆಷ್ಟು, ಯಾವ ಬೀದಿಯಲ್ಲಿ, ಎಂಥ ಮನೆಯಲ್ಲಿ, ಎಷ್ಟು ಸಂಪಾದನೆಯ ಸಂಸಾರದಲ್ಲಿ ಎಂದು ಕೇಳಿ, ಬರೆದುಕೊಂಡು, ಒಂದರೊಡನೊಂದನ್ನು ತಾಳೆನೋಡುವುದೇ ಆ ಮಾರ್ಗ. ಪಂಡಿತರು ಇದಕ್ಕೆ ಸಮಾಜಶೋಧನೆಯೆಂದು ಹೆಸರಿಟ್ಟಿದ್ದಾರೆ. ಹೆಸರನ್ನು ಕೇಳಿದರೆ ದಪ್ಪ ದಪ್ಪ ಪುಸ್ತಕಗಳು ನೆನಪಿಗೆ ಬರುತ್ತವೆ. ವಾಸ್ತವವಾಗಿ ಇದರ ಬಹುಭಾಗ ನಡೆಯತಕ್ಕದ್ದು ಹೊಸ್ತಿಲ ಬಳಿ, ಕೂಸನ್ನು ಸೊಂಟದ ಮೇಲಿಟ್ಟುಕೊಂಡು ನಿಂತ ಹೆಂಗಸೊಬ್ಬಳ ಎದುರಿನಲ್ಲಿ. ಹೀಗೆ ಎಣಿಸುವುದರಿಂದ ಮಕ್ಕಳ ಪ್ರಾಣ ಉಳಿದೀತೆ ಎಂದು ಶ್ರೋತೃಗಳು ಕೇಳಬಹುದು. ಎಣಿಕೆಯೇ ಮದ್ದಲ್ಲ, ನಿಜ. ಆದರೆ ರೋಗ ಇರುವುದು ಒಂದು ಕಡೆ, ನಾವು ಮದ್ದು ಹಚ್ಚುತ್ತಿರುವುದು ಇನ್ನೊಂದು ಕಡೆ ಎಂಬುದು ಎಷ್ಟೋ ಸಲ ಎಣಿಕೆಯಿಂದಲೇ ಗೊತ್ತಾಗಿದೆ. ಇದಕ್ಕೆ ಎರಡು ನಿದರ್ಶನಗಳನ್ನು ಇಲ್ಲಿ ವಿಚಾರಮಾಡೋಣ. ಒಂದು, ಅಮೆರಿಕ ದೇಶದ ಉಕ್ಕಿನ ಕಾರ್ಖಾನೆಯ ಊರಿನದು. ಇನ್ನೊಂದು, ನಮ್ಮ ನೆರೆಯ ಮಹಾರಾಷ್ಟ್ರದ ಕಾಡುಸೀಮೆಯದು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನ್ಯೂಯಾರ್ಕ್ ನಗರದ ಬಡವರ ಕೇರಿಯಲ್ಲಿ ಲಿಲಿಯನ್ ವಾಲ್ಡ್ ಎಂಬ ದಾದಿಯೊಬ್ಬರು ಮನೆಮನೆಗೆ ಹೋಗಿ ರೋಗಿಗಳ ಶುಶ್ರೂಷೆ ಮಾಡುತ್ತಿದ್ದರು. ಕಾರ್ಖಾನೆಗಳಲ್ಲಿ ದುಡಿಯುವ ಮಕ್ಕಳ ಪರವಾಗಿ ಹೋರಾಡಿದ ಫ್ಲಾರೆನ್ಸ್ ಕೆಲಿ ಅವರ ಜೊತೆಗಾರ್ತಿ. ಒಂದು ಬೆಳಗ್ಗೆ ಇವರು ಪತ್ರಿಕೆಯಲ್ಲಿ ಒಂದು ಸುದ್ದಿಯನ್ನು ಓದಿದರು. ದಕ್ಷಿಣ ಸೀಮೆಯಲ್ಲಿ ಹತ್ತಿಯ ಕಾಯಿ ಕೊರೆಯುವ ಹುಳು ಬಿದ್ದು ಬೆಳೆ ನಷ್ಟವಾಗುತ್ತಿದೆ. ಅದನ್ನು ವಿಚಾರಿಸಲು ವ್ಯವಸಾಯಖಾತೆಯ ಮಂತ್ರಿಗಳೇ ಹೊರಟಿದ್ದಾರೆ ಎಂಬುದೇ ಆ ಸುದ್ದಿ. ಬೇಸಗೆ ಬಂತೆಂದರೆ ಕೇರಿಯಲ್ಲಿ ಕೂಸುಗಳು ಸಾಲುಸಾಲಾಗಿ ಸಾಯುತ್ತಿದ್ದುದನ್ನು ಕಣ್ಣಾರೆ ಕಂಡಿದ್ದ ಇವರಿಗೆ ಒಂದು ಪ್ರಶ್ನೆ ಹುಟ್ಟಿತು. ಹತ್ತಿಯ ಬೆಳೆ ಹಾಳಾದರೆ ವಿಚಾರಿಸುವ ಸರ್ಕಾರವು ಮಕ್ಕಳ ಬೆಳೆ ಹಾಳಾಗುವುದನ್ನೇಕೆ ವಿಚಾರಿಸಬಾರದು? ಈ ಒಂದು ಪ್ರಶ್ನೆ ಕಾನೂನಾಗುವುದಕ್ಕೆ ಸುಮಾರು ಒಂಬತ್ತು ವರ್ಷ ಹಿಡಿಯಿತು. 1912ನೆಯ ಏಪ್ರಿಲ್ 9ರಂದು ಅಧ್ಯಕ್ಷ ಟಾಫ್ಟ್‌ರವರು ಸಹಿಮಾಡಿದ ಮೇಲೆ ಮಕ್ಕಳಿಗಾಗಿ ಒಂದು ಪ್ರತ್ಯೇಕ ಇಲಾಖೆ ಏರ್ಪಟ್ಟಿತು. ಅದರ ಮುಖ್ಯಾಧಿಕಾರಿಯಾದವರು ಜೂಲಿಯಾ ಲೇತ್ರಪ್. ಆ ದೇಶದಲ್ಲಿ ಇಂಥ ಪದವಿಗೆ ಬಂದ ಹೆಂಗಸರಲ್ಲಿ ಅವರೇ ಮೊದಲಿಗರು.

ಇಲಾಖೆಗೆ ದೊರೆತ ಹಣ ವರ್ಷಕ್ಕೆ 25,640 ಡಾಲರು. ನೌಕರರು 15 ಮಂದಿ. ದೇಶದ ಮಕ್ಕಳೆಲ್ಲರನ್ನೂ ವಿಚಾರಿಸಲು ಇಷ್ಟೇ ಬಲ. ಔಷಧ ಕೊಡುವ ಅಧಿಕಾರವಿಲ್ಲ, ಆಜ್ಞೆಮಾಡುವ ಅಧಿಕಾರವಿಲ್ಲ. ಶೋಧಿಸಿ ವರದಿ ಒಪ್ಪಿಸುವ ಅಧಿಕಾರ ಮಾತ್ರ ಉಂಟು. ಅಷ್ಟೇ ಅಲ್ಲದೆ, ಮನೆಯ ಯಜಮಾನನು ಬೇಡವೆಂದರೆ ಇಲಾಖೆಯವರು ಆ ಮನೆಯೊಳಕ್ಕೆ ಕಾಲಿಡಕೂಡದೆಂದು ಕಾನೂನಿನಲ್ಲೇ ಬರೆದಿತ್ತು. ಮೇಲ್ನೋಟಕ್ಕೆ ಇದೊಂದು ಅಡ್ಡಿಯಂತೆ ಕಾಣುತ್ತದೆ. ನಮ್ಮ ಮಟ್ಟಿಗೆ ಇದು ಒಳ್ಳೆಯದೇ ಆಯಿತೆಂದು ತೋರುತ್ತದೆ. ಬಾಗಿಲಲ್ಲಿ ನಿಂತು ಅಪ್ಪಣೆ ಕೇಳಬೇಕಾದವನು ಮಾತನ್ನು ಮೆಲ್ಲಗೆ ಆಡಲು ಕಲಿಯುತ್ತಾನೆ. ಅಧಿಕಾರದಿಂದ ಕೇಳಿದವರಿಗೆ ಜನ ಉತ್ತರ ಹೇಳುತ್ತಾರೆಯೇ ಹೊರತು ನಿಜವನ್ನು ಹೇಳುವುದು ಅಪರೂಪ.

ಲೇತ್ರಪ್‌ರವರು ಮೊದಲು ಆರಿಸಿಕೊಂಡ ವಿಷಯ ಶಿಶುಮರಣ. ಆರಿಸಿಕೊಂಡ ಕೂಡಲೇ ಒಂದು ಕಷ್ಟ ಎದುರಾಯಿತು. ಆ ದೇಶದ ಬಹುಭಾಗದಲ್ಲಿ ಜನನಗಳನ್ನು ಸರಿಯಾಗಿ ದಾಖಲೆ ಮಾಡುತ್ತಿರಲಿಲ್ಲ. ಹುಟ್ಟಿದವೆಷ್ಟು ಎಂದು ತಿಳಿಯದೆ, ಸಾವಿರ ಹುಟ್ಟಿದರೆ ಎಷ್ಟು ಸಾಯುತ್ತವೆ ಎಂದು ಹೇಳುವುದು ಹೇಗೆ? ಅದುವರೆಗೆ ವಿದ್ವಾಂಸರು ಮರಣದ ಪಟ್ಟಿಯಿಂದ ಹೊರಟು, ಸತ್ತ ಮಕ್ಕಳ ಮನೆಗಳನ್ನು ಮಾತ್ರ ನೋಡುತ್ತಿದ್ದರು. ಆ ಮನೆಗಳಲ್ಲಿ ಕೊಳೆ ಕಂಡರೆ ಕೊಳೆಯೇ ಕಾರಣವೆಂದರು. ತಾಯಿಗೆ ಓದು ಬಾರದಿದ್ದರೆ ಅದೇ ಕಾರಣವೆಂದರು. ಅದೇ ಬೀದಿಯಲ್ಲಿ ಬದುಕಿದ ಮಕ್ಕಳ ತಾಯಂದಿರಿಗೂ ಓದು ಬಾರದೆಂಬುದನ್ನು ನೋಡಿದವರಾರು? ಆದುದರಿಂದ ಲೇತ್ರಪ್‌ರವರು ಕ್ರಮವನ್ನು ತಲೆಕೆಳಗು ಮಾಡಿದರು. ಸಾವಿನಿಂದ ಹೊರಡದೆ ಹುಟ್ಟಿನಿಂದ ಹೊರಟರು. ಒಂದು ಊರಿನಲ್ಲಿ ಒಂದು ವರ್ಷ ಹುಟ್ಟಿದ ಕೂಸುಗಳನ್ನೆಲ್ಲ ತೆಗೆದುಕೊಂಡು, ಪ್ರತಿಯೊಂದೂ ತನ್ನ ಮೊದಲನೆಯ ವರ್ಷವನ್ನು ದಾಟಿತೋ ಇಲ್ಲವೋ ಎಂದು ನೋಡುವುದೆಂದು ಗೊತ್ತುಮಾಡಿದರು.

ಊರು ಪೆನ್ಸಿಲ್ವೇನಿಯ ಸೀಮೆಯ ಜಾನ್ಸ್‌ಟೌನ್. 1889ರ ಮಹಾಪ್ರವಾಹದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಕಳೆದುಕೊಂಡು ಮತ್ತೆ ಎದ್ದು ನಿಂತ ಊರು ಇದು. ಕಣಿವೆಯಲ್ಲಿ ಉಕ್ಕಿನ ಕಾರ್ಖಾನೆ, ಸುತ್ತಲೂ ಕೂಲಿಕಾರರ ಮನೆಗಳು. ಯೂರೋಪಿನ ಪೂರ್ವಭಾಗಗಳಿಂದ ಬಂದ, ಇಂಗ್ಲಿಷ್ ಬಾರದ ಕುಟುಂಬಗಳು ಅಲ್ಲಿ ಬಹಳ. 1913ರಲ್ಲಿ ಇಲಾಖೆಯ ಹೆಂಗಸರು ಅಲ್ಲಿಗೆ ಹೋಗಿ, 1911ರಲ್ಲಿ ಹುಟ್ಟಿದ 1,551 ಕೂಸುಗಳ ತಾಯಂದಿರನ್ನು ಕಂಡು ಮಾತನಾಡಿಸಿದರು. ತಂದೆಯ ಸಂಪಾದನೆಯೆಷ್ಟು, ಹೆರಿಗೆಯ ಹಿಂದುಮುಂದು ತಾಯಿ ಯಾವ ಕೆಲಸ ಮಾಡುತ್ತಿದ್ದಳು, ಮಗುವಿಗೆ ಎದೆಹಾಲೋ ಶೀಸೆಯ ಹಾಲೋ, ನೀರು ಎಲ್ಲಿಂದ, ಕಕ್ಕಸು ಎಲ್ಲಿ, ಒಂದು ಕೋಣೆಯಲ್ಲಿ ಎಷ್ಟು ಜನ ಮಲಗುತ್ತಾರೆ ಇವೇ ಮೊದಲಾದುವು ಪ್ರಶ್ನೆಗಳು. ಎಮ್ಮ ಡ್ಯೂಕ್ ಎಂಬುವರು ಬರೆದ ವರದಿ 1915ರಲ್ಲಿ ಪ್ರಕಟವಾಯಿತು.

ಆ ಊರಿನ ಒಟ್ಟು ಲೆಕ್ಕ, ಜೀವಂತವಾಗಿ ಹುಟ್ಟಿದ ಸಾವಿರ ಕೂಸುಗಳಿಗೆ 134 ಮೊದಲ ಹುಟ್ಟುಹಬ್ಬದೊಳಗೆ ಸತ್ತಿದ್ದವು. ಇಷ್ಟನ್ನೇ ಹೇಳಿ ನಿಲ್ಲಿಸಿದ್ದರೆ ವರದಿ ಯಾವುದೋ ಬೀರುವಿನಲ್ಲಿ ಧೂಳು ತಿನ್ನುತ್ತಿತ್ತು. ಆದರೆ ಇವರು ಲೆಕ್ಕವನ್ನು ಬೀದಿಬೀದಿಯಾಗಿ ಬಿಡಿಸಿ ನೋಡಿದರು. ಅನುಕೂಲಸ್ಥರ ಒಂದು ವಿಭಾಗದಲ್ಲಿ ಸಾವಿರಕ್ಕೆ 50. ಕಾರ್ಖಾನೆಯ ಮಗ್ಗುಲಿನ, ಮೋರಿಯಿಲ್ಲದ, ಕೆಸರು ತುಂಬಿದ ಒಂದು ವಿಭಾಗದಲ್ಲಿ 271! ಒಂದೇ ಊರು, ಒಂದೇ ಹವೆ, ಒಂದೇ ಮುನಿಸಿಪಾಲಿಟಿ. ಸಾವು ಮಾತ್ರ ಐದು ಪಟ್ಟಿಗೂ ಹೆಚ್ಚು. ಮನೆಯೊಳಗೆ ಕೊಳಾಯಿ ಇದ್ದ ಸಂಸಾರಗಳಲ್ಲಿ ಸತ್ತವು ಸಾವಿರಕ್ಕೆ ಸುಮಾರು 118. ಹೊರಗಿನಿಂದ ನೀರು ಹೊತ್ತು ತರಬೇಕಾದವರಲ್ಲಿ ಸುಮಾರು 198. ತಂದೆಯ ಸಂಪಾದನೆ ವರ್ಷಕ್ಕೆ 1,200 ಡಾಲರು ಅಥವಾ ಅದಕ್ಕಿಂತ ಹೆಚ್ಚಾಗಿದ್ದಲ್ಲಿ 84. 521 ಡಾಲರಿಗಿಂತ ಕಡಮೆಯಾಗಿದ್ದಲ್ಲಿ ಸುಮಾರು 256. ಅಂದರೆ ನಾಲ್ಕು ಕೂಸುಗಳಲ್ಲಿ ಒಂದು.

ಇಲ್ಲಿ ಸ್ವಲ್ಪ ನಿಲ್ಲಬೇಕು. ತಾಯಿಗೆ ತಿಳಿವಳಿಕೆ ಸಾಲದೆಂಬ ಮಾತನ್ನು ಈ ಅಂಕಿಗಳ ಮುಂದೆ ಇಟ್ಟು ನೋಡೋಣ. ಬೀದಿಗೆ ಮೋರಿ ಹಾಕಿಸುವುದು ತಾಯಿಯ ತಿಳಿವಳಿಕೆಗೆ ಸೇರಿದುದೆ? ಕೊಳಾಯಿಯನ್ನು ಯಾವ ಬೀದಿಯವರೆಗೆ ಎಳೆಯಬೇಕೆಂದು ಗೊತ್ತುಮಾಡಿದವಳು ಆಕೆಯೆ? ಗಂಡನ ಕೂಲಿಯನ್ನು ನಿಷ್ಕರ್ಷೆ ಮಾಡಿದವಳು ಆಕೆಯೆ? ಹಾಗೆಂದ ಮಾತ್ರಕ್ಕೆ ತಾಯಿಯ ಕೈಯಲ್ಲಿ ಏನೂ ಇಲ್ಲವೆಂದಲ್ಲ. ಎದೆಹಾಲು ಕುಡಿದ ಕೂಸುಗಳಿಗಿಂತ ಶೀಸೆಯ ಹಾಲು ಕುಡಿದವು ಬಹಳ ಹೆಚ್ಚಾಗಿ ಸತ್ತುವೆಂದು ಇದೇ ಶೋಧನೆಗಳು ತೋರಿಸಿದುವು. ಆದರೆ ನ್ಯೂ ಹ್ಯಾಂಪ್‌ಷೈರಿನ ಮ್ಯಾಂಚೆಸ್ಟರ್ ಎಂಬ ಗಿರಣಿ ಊರಿಗೆ ಹೋದಾಗ ಅಲ್ಲಿಯೂ ಮಾತು ತಿರುಗಿ ಕೂಲಿಯ ಬಳಿಗೇ ಬಂದು ನಿಂತಿತು. ಗಂಡನ ಕೂಲಿ ಸಾಲದು. ಹೆಂಡತಿ ಹಸಿ ಬಾಣಂತಿಯಾಗಿದ್ದಾಗಲೇ ಗಿರಣಿಗೆ ಹೋಗಬೇಕು. ಕೂಸನ್ನು ನೆರೆಯವಳ ಬಳಿ ಬಿಡಬೇಕು. ಬಿಟ್ಟರೆ ಶೀಸೆಯ ಹಾಲೇ ಗತಿ. ತಿಳಿವಳಿಕೆಯೊಂದನ್ನೇ ಹಂಚಿದರೆ ಈ ಸರಪಳಿಯ ಕೊನೆಯ ಕೊಂಡಿಯನ್ನು ಮಾತ್ರ ಮುಟ್ಟಿದಂತಾಗುತ್ತದೆ.

ಜಾನ್ಸ್‌ಟೌನ್ ಆದ ಮೇಲೆ ಇನ್ನೂ ಹಲವು ಊರುಗಳಲ್ಲಿ ಇದೇ ಕೆಲಸ ನಡೆಯಿತು. ಎಂಟು ಊರುಗಳ ಲೆಕ್ಕವನ್ನು ಒಟ್ಟುಗೂಡಿಸಿ ರಾಬರ್ಟ್ ವುಡ್‌ಬರಿ ಎಂಬುವರು 1925ರಲ್ಲಿ ಗ್ರಂಥವನ್ನು ಹೊರತಂದರು. ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಕೂಸುಗಳ ಕಥೆಯದು. ತೀರ ಕಡಮೆ ಸಂಪಾದನೆಯವರಲ್ಲಿ ಸಾವಿರಕ್ಕೆ 167, ಎಲ್ಲಕ್ಕಿಂತ ಮೇಲಿನ ವರ್ಗದಲ್ಲಿ 59. ಸಂಪಾದನೆ ಏರಿದಂತೆಲ್ಲ ಸಾವು ಇಳಿಯುತ್ತದೆ. ಒಂದೂರಿನ ವಿಚಿತ್ರವೆಂದು ತಳ್ಳಿಹಾಕುವಂತಿರಲಿಲ್ಲ.

ಇದರಿಂದ ಆದ ಪ್ರಯೋಜನವೇನು? ಇಲಾಖೆಯವರು ಗರ್ಭಿಣಿಯರ ಉಪಚಾರವನ್ನು ಕುರಿತು 1913ರಲ್ಲಿಯೂ ಕೂಸಿನ ಪಾಲನೆಯನ್ನು ಕುರಿತು 1914ರಲ್ಲಿಯೂ ಸುಲಭವಾದ ಭಾಷೆಯಲ್ಲಿ ಕಿರುಪುಸ್ತಕಗಳನ್ನು ಅಚ್ಚುಮಾಡಿಸಿ ಹಂಚಿದರು. ಅವನ್ನು ಓದಿದ ದೂರದೂರದ ಹಳ್ಳಿಯ ತಾಯಂದಿರು ತಮ್ಮ ಕಷ್ಟಗಳನ್ನು ಕಾಗದದಲ್ಲಿ ಬರೆದು ಕಳುಹಿಸತೊಡಗಿದರು. ಕೇಳಲು ಹೋದವರನ್ನೇ ಜನ ಹುಡುಕಿಕೊಂಡು ಬಂದು ಹೇಳಿದರು! ಹೆಂಗಸರ ಸಂಘಗಳು ತಮ್ಮ ತಮ್ಮ ಊರುಗಳಲ್ಲಿ ಮನೆಮನೆಗೆ ಹೋಗಿ, ಈ ಕೂಸಿನ ಹುಟ್ಟು ದಾಖಲೆಯಾಗಿದೆಯೆ ಎಂದು ಪರೀಕ್ಷಿಸಿದುವು. 1915ರಲ್ಲಿ ಹತ್ತು ಸಂಸ್ಥಾನಗಳಿಂದ ಮೊದಲಾದ ಜನನದಾಖಲೆಯ ಏರ್ಪಾಡು 1933ರ ವೇಳೆಗೆ ದೇಶಕ್ಕೆಲ್ಲ ಹಬ್ಬಿತು. 1921ರಲ್ಲಿ ತಾಯಿಮಕ್ಕಳ ಆರೋಗ್ಯಕ್ಕೆಂದು ಕೇಂದ್ರ ಸರ್ಕಾರದ ಹಣವನ್ನು ಸಂಸ್ಥಾನಗಳಿಗೆ ಕೊಡುವ ಶೆಪರ್ಡ್-ಟೌನರ್ ಕಾನೂನು ಆಯಿತು. 48 ಸಂಸ್ಥಾನಗಳಲ್ಲಿ 45 ಅದಕ್ಕೆ ಒಪ್ಪಿದುವು. ಊರೂರಿಗೆ ದಾದಿಯರು ಹೋದರು.

ಶಿಶುಮರಣವು 1915ರಲ್ಲಿ ದಾಖಲೆಯ ಪ್ರದೇಶದಲ್ಲಿ ಸಾವಿರಕ್ಕೆ ಸುಮಾರು 100 ಇದ್ದದ್ದು 1929ರಲ್ಲಿ ಸುಮಾರು 68ಕ್ಕೆ ಇಳಿದಿತ್ತು. ಇದೆಲ್ಲವೂ ಶೋಧನೆಯಿಂದಲೇ ಆಯಿತೆಂದು ಹೇಳುವ ಧೈರ್ಯ ನಮಗಿಲ್ಲ. ಅದೇ ಕಾಲದಲ್ಲಿ ನೀರು ಶುದ್ಧವಾಯಿತು, ಹಾಲನ್ನು ಕಾಯಿಸಿ ಮಾರುವ ಪದ್ಧತಿ ಬಂತು, ಜನರ ಸಂಪಾದನೆಯೂ ಹೆಚ್ಚಿತು. ಇಳಿದದ್ದರಲ್ಲಿ ಯಾವುದರ ಪಾಲು ಎಷ್ಟೆಂದು ಬೇರ್ಪಡಿಸುವುದು ಹಾಲುನೀರನ್ನು ಬೇರ್ಪಡಿಸಿದಂತೆ. ಮತ್ತು ಶೋಧನೆಗೆ ತನ್ನ ಫಲವನ್ನು ತಾನೇ ಕಾಪಾಡಿಕೊಳ್ಳುವ ಶಕ್ತಿಯಿಲ್ಲ. ವೈದ್ಯರ ಸಂಘದವರು ಆ ಕಾನೂನನ್ನು ವಿರೋಧಿಸಿದರು. 1929ರಲ್ಲಿ ಅದು ನಿಂತುಹೋಯಿತು. ಅಂಥ ಸಹಾಯ ಮತ್ತೆ ಬಂದದ್ದು 1935ರ ಸಾಮಾಜಿಕ ಭದ್ರತೆಯ ಕಾನೂನಿನಲ್ಲಿ. ನಡುವಣ ಆರು ವರ್ಷ ಅಂಕಿಗಳು ಇದ್ದುವು, ಹಣವಿರಲಿಲ್ಲ.

ಜಾನ್ಸ್‌ಟೌನಿನ ಕಥೆಯಲ್ಲಿ ನಮಗೆ ಮುಖ್ಯವಾಗಿ ಕಾಣುವುದು ಬೀದಿಬೀದಿಯಾಗಿ ಬಿಡಿಸಿದ ಆ ಲೆಕ್ಕ. ಸರಾಸರಿಯೆಂಬುದು ಬಹಳ ಸಭ್ಯವಾದ ಸುಳ್ಳುಗಾರ. ನಮ್ಮ ದೇಶದಲ್ಲಿ 1971ರಲ್ಲಿ ಸಾವಿರಕ್ಕೆ 129 ಇದ್ದ ಶಿಶುಮರಣವು 2020ರಲ್ಲಿ 28 ಆಗಿತ್ತು. ಆ ವರ್ಷ ಕರ್ನಾಟಕದಲ್ಲಿ 19. ಹೆಮ್ಮೆಪಡತಕ್ಕ ಮಾತೇ ಸರಿ. ಆದರೆ ಈ 19 ಎಂಬುದು ಯಾವ ಊರಿನದೂ ಅಲ್ಲ, ಯಾವ ಕೇರಿಯದೂ ಅಲ್ಲ. ನಮ್ಮಲ್ಲಿ ಈ ಸಂಗತಿಯನ್ನು ಚೆನ್ನಾಗಿ ಕಂಡುಕೊಂಡವರು ಅರ್ಥಶಾಸ್ತ್ರಜ್ಞರಾದ ಡಿ. ಎಂ. ನಂಜುಂಡಪ್ಪನವರು. ಪ್ರಾದೇಶಿಕ ಅಸಮತೋಲನವನ್ನು ವಿಚಾರಿಸಲು ಸರ್ಕಾರ ನೇಮಿಸಿದ ಅವರ ಸಮಿತಿಯು 2002ರಲ್ಲಿ ವರದಿ ಒಪ್ಪಿಸಿತು. ಜಿಲ್ಲೆಯ ಲೆಕ್ಕದಲ್ಲಿ ತೃಪ್ತಿಪಡದೆ ಅವರು ತಾಲ್ಲೂಕಿಗೆ ಇಳಿದರು. 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು ಎಂದು ಹೆಸರುಹಿಡಿದು ಹೇಳಿದರು. ಬಡತನವೆಲ್ಲ ಉತ್ತರದಲ್ಲಿ, ಸುಖವೆಲ್ಲ ದಕ್ಷಿಣದಲ್ಲಿ ಎಂದು ನಂಬಿದ್ದವರಿಗೆ, ಆ 39ರಲ್ಲಿ 13 ದಕ್ಷಿಣದವೇ ಎಂಬುದು ತಿಳಿಯಿತು. ತಾಲ್ಲೂಕಿಗೆ ಇಳಿಯದಿದ್ದರೆ ಇದು ಕಾಣುತ್ತಿರಲಿಲ್ಲ. ತಾಲ್ಲೂಕಿನಿಂದ ಹಳ್ಳಿಗೂ, ಹಳ್ಳಿಯಿಂದ ಮನೆಗೂ ಇಳಿದರೆ ಏನಾಗುತ್ತದೆಂಬುದಕ್ಕೆ ಎರಡನೆಯ ನಿದರ್ಶನ.

ಮಹಾರಾಷ್ಟ್ರದ ಪೂರ್ವದ ಅಂಚಿನಲ್ಲಿ ಗಡಚಿರೋಲಿ ಎಂಬ ಜಿಲ್ಲೆಯಿದೆ. ಕಾಡು ಹೆಚ್ಚು, ರಸ್ತೆ ಕಡಮೆ. ಗೊಂಡರೇ ಮೊದಲಾದ ಬುಡಕಟ್ಟಿನ ಜನ ಬಹಳ. ಅಭಯ್ ಬಂಗ್, ರಾಣಿ ಬಂಗ್ ಎಂಬ ವೈದ್ಯ ದಂಪತಿಗಳು ಅಮೆರಿಕದಲ್ಲಿ ಸಾರ್ವಜನಿಕ ಆರೋಗ್ಯವನ್ನು ವ್ಯಾಸಂಗಮಾಡಿ ಬಂದು 1986ರಲ್ಲಿ ಇಲ್ಲಿ ನೆಲೆಸಿದರು. ಇವರ ಮೊದಲ ಪ್ರಯತ್ನಗಳಲ್ಲೊಂದು ವಿಫಲವಾಯಿತೆಂದು ಡಾಕ್ಟರ್ ಅಭಯ್ ಬಂಗ್‌ರವರು ತಾವೇ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ನಮಗೆ ಅವರ ಜಯಕ್ಕಿಂತ ಇದೇ ಹೆಚ್ಚು ಉಪಯುಕ್ತವೆಂದು ತೋರುತ್ತದೆ. ಬುಡಕಟ್ಟಿನವರಲ್ಲಿ ವಂಶಪಾರಂಪರ್ಯವಾಗಿ ಬರುವ ಕುಡುಗೋಲು ಕಣದ ರಕ್ತರೋಗವನ್ನು ಅವರು ಶೋಧಿಸಿದರು. ಶಾಸ್ತ್ರದೃಷ್ಟಿಯಿಂದ ಅದು ಒಳ್ಳೆಯ ಶೋಧನೆ. ಆದರೆ ಜನಕ್ಕೆ ಅದರಲ್ಲಿ ಆಸಕ್ತಿಯೇ ಹುಟ್ಟಲಿಲ್ಲ. ಏಕೆಂದರೆ ಅದು ಜನರ ಪ್ರಶ್ನೆಯಾಗಿರಲಿಲ್ಲ, ವೈದ್ಯರ ಕುತೂಹಲವಾಗಿತ್ತು. ಆಮೇಲೆ ಅವರು ಜನರನ್ನೇ ಕೇಳಿದರು. ಆಸ್ಪತ್ರೆಗೇಕೆ ಬರುವುದಿಲ್ಲವೆಂದರೆ, ಅಲ್ಲಿ ಎಲ್ಲರೂ ಬಿಳಿ ಬಟ್ಟೆ ಉಡುತ್ತಾರೆ, ನಾವು ಹೆಣಕ್ಕೆ ಹೊದಿಸುವುದು ಬಿಳಿ ಬಟ್ಟೆಯನ್ನು ಎಂಬ ಉತ್ತರ ಬಂತು. ಆಸ್ಪತ್ರೆಯನ್ನು ಆ ಜನರ ಹಳ್ಳಿಯ ಗುಡಿಸಲುಗಳ ಮಾದರಿಯಲ್ಲೇ ಕಟ್ಟಿ, ಅವರ ದೇವತೆಯಾದ ದಂತೇಶ್ವರಿಯ ಹೆಸರನ್ನಿಟ್ಟರು.

ಮಕ್ಕಳ ಸಂಗತಿಗೆ ಬರೋಣ. 1988ರಲ್ಲಿ ಅಲ್ಲಿ ಸಾವಿರಕ್ಕೆ 121 ಕೂಸುಗಳು ವರ್ಷ ತುಂಬುವುದರೊಳಗೆ ಸಾಯುತ್ತಿದ್ದುವು. ಪ್ರತಿಯೊಂದು ಸಾವಿನ ಕಾರಣವನ್ನು ವಿಚಾರಿಸಲಾಗಿ, ಸುಮಾರು ಐದರಲ್ಲಿ ಎರಡು ಸಾವು ಶ್ವಾಸಕೋಶದ ಉರಿಯಿಂದ, ಎಂದರೆ ನ್ಯುಮೋನಿಯದಿಂದ ಆದುವೆಂದು ತಿಳಿಯಿತು. ಈ ರೋಗಕ್ಕೆ ಅಗ್ಗದ ಔಷಧವುಂಟು. ಗುರುತಿಸುವುದೂ ಸುಲಭ: ಕೂಸು ಉಸಿರಾಡುವುದನ್ನು ಎಣಿಸಬೇಕು. ಎರಡು ತಿಂಗಳೊಳಗಿನ ಕೂಸಾದರೆ ನಿಮಿಷಕ್ಕೆ 60, ಅದಕ್ಕಿಂತ ದೊಡ್ಡದಾಗಿ ವರ್ಷದೊಳಗಿನದಾದರೆ 50. ಅದಕ್ಕೆ ಮೀರಿದರೆ ಅಪಾಯ. ಆದರೆ ಹಳ್ಳಿಯ ಸೂಲಗಿತ್ತಿಗೆ ಅಷ್ಟು ದೂರ ಎಣಿಸಲು ಬಾರದು. ಆಕೆಗೆ ಬಾರದೆಂದು ಬಿಟ್ಟುಬಿಡಲಿಲ್ಲ. ಮಣಿಗಳನ್ನು ಪೋಣಿಸಿ, ಒಂದು ನಿಮಿಷದಲ್ಲಿ ಸುರಿದುಹೋಗುವ ಮರಳಿನ ಗಡಿಯಾರವನ್ನು ಸೇರಿಸಿ ಒಂದು ಸಾಧನವನ್ನು ಮಾಡಿಕೊಟ್ಟರು. ಹತ್ತು ಉಸಿರಿಗೆ ಒಂದು ಮಣಿಯನ್ನು ಸರಿಸಬೇಕು. ಮರಳು ಮುಗಿಯುವುದರೊಳಗೆ ಕೆಂಪು ಮಣಿಯನ್ನು ಸರಿಸಬೇಕಾಗಿ ಬಂದರೆ ಔಷಧ ಕೊಡಬೇಕು. ತಿಳಿವಳಿಕೆ ಸಾಲದವಳೆಂದು ನಾವು ಯಾರನ್ನು ಹಳಿಯುತ್ತೇವೋ ಅವಳ ಕೈಯಲ್ಲೇ ರೋಗನಿದಾನವು ಬಂದು ಕುಳಿತಿತು.

ಹುಟ್ಟಿದ 28 ದಿನಗಳೊಳಗಿನ ಸಾವು ಮಾತ್ರ ಇಷ್ಟರಿಂದ ಬಗ್ಗಲಿಲ್ಲ. ಹಸಿ ಬಾಣಂತಿಯೂ ಕೂಸೂ ಹೊರಗೆ ಬರುವ ರೂಢಿಯಿಲ್ಲ, ಆಸ್ಪತ್ರೆ ದೂರ. 39 ಹಳ್ಳಿಗಳಲ್ಲಿ ಒಂದು ವರ್ಷ ಹುಟ್ಟಿದ ಕೂಸುಗಳನ್ನು ಮನೆಗೇ ಹೋಗಿ ನೋಡಿದಾಗ, ಅರ್ಧಕ್ಕಿಂತ ಹೆಚ್ಚಿನವಕ್ಕೆ ಚಿಕಿತ್ಸೆ ಬೇಕಾಗಿತ್ತು. ವೈದ್ಯರ ಕಣ್ಣಿಗೆ ಬಿದ್ದವು ನೂರಕ್ಕೆ ಮೂರು ಕೂಡ ಇಲ್ಲ. ಕೂಸು ಆಸ್ಪತ್ರೆಗೆ ಬಾರದಿದ್ದರೆ ಆಸ್ಪತ್ರೆಯೇ ಕೂಸಿನ ಬಳಿಗೆ ಹೋಗಲೆಂದು ಯೋಚಿಸಿ, ಹಳ್ಳಿಯ ಹೆಂಗಸರನ್ನೇ ಆರಿಸಿ ಶಿಕ್ಷಣ ಕೊಟ್ಟರು. ತೂಕ ನೋಡುವುದು, ಬೆಚ್ಚಗಿಡುವುದು, ಉಸಿರು ಕಟ್ಟಿದರೆ ಉಸಿರೂದುವುದು, ನಂಜೇರಿದರೆ ಸೂಜಿಮದ್ದು ಚುಚ್ಚುವುದು ಇವೆಲ್ಲವನ್ನೂ ಆ ಹೆಂಗಸರು ಕಲಿತರು. ಸೂಜಿಮದ್ದಿನ ಮಾತು ಕೇಳಿದರೆ ಪಟ್ಟಣದ ವೈದ್ಯರಿಗೆ ಮೈ ಜುಮ್ಮೆನ್ನುವುದು ಆಶ್ಚರ್ಯವೇನಲ್ಲ. ಈ 39 ಹಳ್ಳಿಗಳಲ್ಲಿ 1993ರಿಂದ 95ರವರೆಗೆ, ಅಂದರೆ ಈ ಕೆಲಸ ಮೊದಲಾಗುವ ಮುಂಚೆ, 28 ದಿನಗಳೊಳಗೆ ಸತ್ತ ಕೂಸುಗಳು ಸಾವಿರಕ್ಕೆ 62. ಮೂರನೆಯ ವರ್ಷದಲ್ಲಿ, 1997-98ರಲ್ಲಿ, 25.5. ಹೋಲಿಕೆಗಾಗಿ ಲೆಕ್ಕವಿಟ್ಟಿದ್ದ 47 ಹಳ್ಳಿಗಳಲ್ಲಿ ಆ ವರ್ಷವೂ 59.6. 1999ರಲ್ಲಿ ಲಂಡನ್ನಿನ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಇದು ಪ್ರಕಟವಾಯಿತು.

ಆ 47 ಹಳ್ಳಿಗಳ ವಿಷಯವನ್ನು ನೆನೆದಾಗ ಮನಸ್ಸು ಅಳುಕುತ್ತದೆಂಬುದನ್ನು ನಾವು ಮುಚ್ಚಿಡಲಾರೆವು. ಒಂದೆಡೆ ಕೊಟ್ಟು ಇನ್ನೊಂದೆಡೆ ಕೊಡದೆ ನೋಡುವುದು ನ್ಯಾಯವೆ? ಹಳ್ಳಿಯ ಹೆಂಗಸು ಇದನ್ನು ಮಾಡಬಲ್ಲಳೆಂದು ಆಗ ಯಾರಿಗೂ ಗೊತ್ತಿರಲಿಲ್ಲ. ಅಪಾಯವಾದೀತೆಂದು ನಂಬಿದವರೇ ಹೆಚ್ಚು. ಹೋಲಿಸಲು ಬೇರೆ ಹಳ್ಳಿಗಳಿಲ್ಲದಿದ್ದರೆ, ಮಳೆಬೆಳೆ ಚೆನ್ನಾಗಿತ್ತು, ಸಾವು ತಾನಾಗಿ ಇಳಿಯಿತು ಎಂದು ಹೇಳಿ ಮುಗಿಸಿಬಿಡುತ್ತಿದ್ದರು. ತಿಳಿದ ಮೇಲೆ ಕೊಡದಿರುವುದು ಮಾತ್ರ ಖಂಡಿತವಾಗಿ ಅನ್ಯಾಯ. 1999ರಲ್ಲಿ ತಿಳಿದದ್ದು ದೇಶಕ್ಕೆಲ್ಲ ಬಂದದ್ದು 2011ರಲ್ಲಿ. ಆ ವರ್ಷದಿಂದ ನಮ್ಮ ಹಳ್ಳಿಗಳ ಆಶಾ ಕಾರ್ಯಕರ್ತೆಯರಿಗೆ ಮನೆಗೆ ಹೋಗಿ ಹಸುಗೂಸನ್ನು ನೋಡುವ ಕೆಲಸವನ್ನು ವಹಿಸಲಾಯಿತು. ಆಸ್ಪತ್ರೆಯಲ್ಲಿ ಹೆರಿಗೆಯಾಗಿದ್ದರೆ 3, 7, 14, 21, 28, 42ನೆಯ ದಿನಗಳಲ್ಲಿ. ಮನೆಯಲ್ಲಾಗಿದ್ದರೆ ಮೊದಲ ದಿನವೂ ಸೇರಿ ಏಳು ಸಲ. ಕರ್ನಾಟಕದ ಯಾವುದೋ ಹಳ್ಳಿಯಲ್ಲಿ ಏಳನೆಯ ದಿನ ಬಾಗಿಲು ತಟ್ಟುವ ಹೆಂಗಸಿಗೆ ಗಡಚಿರೋಲಿಯ ಹೆಸರು ತಿಳಿಯದಿರಬಹುದು. ಆಕೆಯ ಚೀಲದಲ್ಲಿರುವ ತಕ್ಕಡಿ ಬಂದದ್ದು ಆ ದಾರಿಯಲ್ಲೇ.

ಕಡೆಯದಾಗಿ ನಮ್ಮದೇ ಒಂದು ಅನುಭವವನ್ನು ಹೇಳುತ್ತೇವೆ. ಅದು ಹೆಮ್ಮೆಯ ವಿಷಯವಲ್ಲ. ಕೆಲವು ವರ್ಷಗಳ ಕೆಳಗೆ ನಾವು ತರಗತಿಯ ವಿದ್ಯಾರ್ಥಿಗಳನ್ನು ಕರೆದುಕೊಂಡು ನಮ್ಮ ನಗರದ ಒಂದು ಕೇರಿಗೆ ಶೋಧನೆಗೆ ಹೋಗಿದ್ದೆವು. ಪ್ರಶ್ನೆಗಳ ಹಾಳೆಯನ್ನು ಇಂಗ್ಲಿಷಿನಲ್ಲಿ ಸಿದ್ಧಪಡಿಸಿ ಕನ್ನಡಕ್ಕೆ ತಿರುಗಿಸಿದ್ದೆವು. 'ನಿಮಗೆ ಎಷ್ಟು ಮಕ್ಕಳು?' ಎಂಬುದು ಅದರಲ್ಲಿ ನಾಲ್ಕನೆಯ ಪ್ರಶ್ನೆ. ಮೂರು ದಿನ ಕೇಳಿ, ಬರೆದು, ಕೂಡಿಸಿ ನೋಡಿದರೆ ಆ ಕೇರಿಯಲ್ಲಿ ಕೂಸುಗಳೇ ಸಾಯುವುದಿಲ್ಲವೆಂಬಂತೆ ಕಂಡಿತು. ಸಂತೋಷದಿಂದ ವರದಿಯನ್ನೂ ಬರೆದೆವು. ಅದನ್ನು ಅಲ್ಲಿಯ ಮಾರಿಗುಡಿಯ ಜಗುಲಿಯ ಮೇಲೆ ಓದಿ ಹೇಳಬೇಕೆಂದು ಹಟ ಹಿಡಿದವಳು ನಮ್ಮ ವಿದ್ಯಾರ್ಥಿನಿಯೊಬ್ಬಳು. ನಮಗೆ ಅದು ತೋಚಿರಲೇ ಇಲ್ಲ. ಓದಿ ಮುಗಿಸಿದಾಗ ಮುದುಕಿಯೊಬ್ಬಳು ಎದ್ದು ನಿಂತು, 'ಅಯ್ಯಾ, ಎಷ್ಟು ಮಕ್ಕಳು ಅಂತ ಕೇಳಿದಿರಿ, ಇರೋವನ್ನ ಹೇಳಿದೆವು. ಹೋದವನ್ನ ನೀವು ಕೇಳಲಿಲ್ಲವಲ್ಲ' ಎಂದಳು.

ನಾವು ತಲೆತಗ್ಗಿಸಿದೆವು. ಮತ್ತೆ ಹೋಗಿ, ಆ ಮುದುಕಿಯನ್ನೇ ಮುಂದಿಟ್ಟುಕೊಂಡು, 'ಎಷ್ಟು ಹೆರಿಗೆಯಾಯಿತು, ಮೊದಲನೆಯದು ಏನಾಯಿತು, ಎರಡನೆಯದು ಏನಾಯಿತು' ಎಂದು ಒಂದೊಂದಾಗಿ ಕೇಳಿದೆವು. ಹೆಸರಿಡುವ ಮುಂಚೆಯೇ ಹೋದ ಕೂಸುಗಳು ಒಂದೊಂದಾಗಿ ಹೊರಬಂದುವು. ಕೆಲವರು ಹೇಳುವಾಗ ಅತ್ತರು. ಇನ್ನು ಕೆಲವರು ಇಷ್ಟು ದಿನ ಯಾರೂ ಕೇಳಿರಲಿಲ್ಲವೆಂದರು. ಗೋಡೆಯ ಮೇಲೆ ಕೇರಿಯ ನಕ್ಷೆಯನ್ನು ಬರೆದು ಗುರುತುಹಾಕುತ್ತ ಹೋದಾಗ ಗುರುತುಗಳು ಕೇರಿಯ ಕೆಳತುದಿಯಲ್ಲಿ, ಕೊಳಾಯಿ ಮುಗಿದು ಮೋರಿ ತೆರೆದುಕೊಳ್ಳುವ ಕಡೆಯಲ್ಲಿ ಗುಂಪುಗೂಡಿದುವು. ಅದನ್ನು ನೋಡಿ ಹೆಂಗಸರು ತಾವೇ ಅರ್ಜಿಯನ್ನು ಬರೆಸಿದರು. ಒಂದು ಕಛೇರಿಯಲ್ಲಿ ಅದು ಎರಡು ವರ್ಷ ಮಲಗಿತ್ತು; ನಕ್ಷೆಯ ಪ್ರತಿಯನ್ನು ಹಿಡಿದುಕೊಂಡು ಅವರು ಎಷ್ಟು ಸಲ ಹೋದರೆಂಬುದನ್ನು ನಾವು ಎಣಿಸಲಿಲ್ಲ. ಈಗ ಕೆಳತುದಿಗೆ ಕೊಳಾಯಿ ಬಂದಿದೆ, ಮೋರಿಗೆ ಇನ್ನೂ ಚಪ್ಪಡಿ ಹಾಸಿಲ್ಲ. ಹೊಸ ತರಗತಿಯವರು ದಸರೆಯ ರಜ ಮುಗಿದ ಕೂಡಲೇ ಅದೇ ಮನೆಗಳಿಗೆ ಹೋಗಿ, ಕೊಳಾಯಿ ಬಂದ ಮೇಲೆ ಹುಟ್ಟಿದ ಕೂಸುಗಳನ್ನು ಎಣಿಸತಕ್ಕದ್ದೆಂದು ಗೊತ್ತಾಗಿದೆ. ಪ್ರಶ್ನೆಗಳ ಹಾಳೆಯನ್ನು ಈ ಸಲ ಮೊದಲು ಆ ಮುದುಕಿಗೆ ಓದಿ ಹೇಳಿ, ಆಕೆ ಒಪ್ಪಿದ ಮೇಲೆ ಅಚ್ಚಿಗೆ ಕೊಟ್ಟಿದ್ದೇವೆ.